ಎಲ್ಕ್ ಬಯಲಿನಲ್ಲಿ ಹಿಮಬಂಡಿ ಸವಾರಿ: ಕಡು ಚಳಿಗಾಲವನ್ನು ಅರ್ಥಮಾಡಿಸುವ ಒಂದು ಗಂಟೆ

ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಪಟ್ಟಣಕ್ಕೆ ಅಂಟಿಕೊಂಡೇ ಇರುವ ನ್ಯಾಷನಲ್ ಎಲ್ಕ್ ರೆಫ್ಯೂಜ್ ಎಂಬ ಆಶ್ರಯಧಾಮದಲ್ಲಿ, ಡಿಸೆಂಬರ್ ನಡುವಿನಿಂದ ಏಪ್ರಿಲ್ ಆರಂಭದವರೆಗೆ, ಕುದುರೆ ಎಳೆಯುವ ಹಿಮಬಂಡಿಯಲ್ಲಿ ಪ್ರವಾಸಿಗರನ್ನು ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡುಗಳ ಹತ್ತಿರಕ್ಕೆ ಕರೆದೊಯ್ಯುತ್ತಾರೆ. ಶಿವಮೊಗ್ಗದಿಂದ ಬಂದಿದ್ದ ನನ್ನ ಅತ್ತೆಯವರೊಂದಿಗೆ ಸಾಲ್ಟ್ ಲೇಕ್ ಸಿಟಿಯಿಂದ ಐದು ಗಂಟೆ ಕಾರು ಓಡಿಸಿಕೊಂಡು ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆ. ಚಳಿಗಾಲ ಕಠಿಣವಾದಾಗ ದೊಡ್ಡ ಕಾಡುಪ್ರಾಣಿಗಳಿಗೆ ಏನಾಗುತ್ತದೆ, ಅದು ಮುಂದಿನ ಬೇಟೆಯ ಋತುವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಸರಳವಾಗಿ ತಿಳಿಸಿಕೊಡುವ ಇಂಥ ಇನ್ನೊಂದು ಸೇವೆಯನ್ನು ನಾನು ಕಂಡಿಲ್ಲ.

ಬಂಡಿಯಲ್ಲಿ ಹೊದೆಯಲು ದಪ್ಪ ಕಂಬಳಿ ಕೊಟ್ಟರು. ಹಿಮ ಸಾಲದ ದಿನಗಳಲ್ಲಿ ಬಂಡಿಗೆ ಗಾಲಿ ಜೋಡಿಸುತ್ತಾರೆ. ನಾವು ಹೋದ ದಿನ ಅದರ ಅಗತ್ಯವಿರಲಿಲ್ಲ. ಕಡವೆಯನ್ನು ಬಲ್ಲವರಿಗೆ ಎಲ್ಕ್ ಅಪರಿಚಿತವೆನಿಸುವುದಿಲ್ಲ, ಆದರೆ ನೂರಾರು ಪ್ರಾಣಿಗಳು ಒಂದೇ ಬಯಲಿನಲ್ಲಿ ಮಲಗಿ ಮೆಲುಕು ಹಾಕುವ ದೃಶ್ಯ ನಮ್ಮ ಮಲೆನಾಡಿನಲ್ಲಿ ಸಿಗುವಂಥದ್ದಲ್ಲ. ಕುದುರೆಗಳ ಪರಿಚಯವಿರುವುದರಿಂದಲೋ ಏನೋ, ಎಲ್ಕ್‌ಗಳು ಬಂಡಿಯನ್ನು ಕಂಡು ಓಡಲಿಲ್ಲ. ಈ ಸಮಾಧಾನಕ್ಕೆ ಇನ್ನೊಂದು ಅರ್ಥವೂ ಇದೆ: ಚಳಿಗಾಲದ ಕೊನೆಯಲ್ಲಿ ಪ್ರತಿ ಓಟವೂ ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನಿಂದ ಮಾಡುವ ಖರ್ಚು, ಮತ್ತು ಆ ಕೊಬ್ಬು ಮಾರ್ಚ್ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ.

ಈ ಆಶ್ರಯಧಾಮ ಹುಟ್ಟಿದ್ದೇ ಕೆಟ್ಟ ಚಳಿಗಾಲಗಳಿಂದ. ಎಲ್ಕ್‌ಗಳು ಚಳಿಗಾಲ ಕಳೆಯುತ್ತಿದ್ದ ಕಣಿವೆಯಲ್ಲಿ ಪಟ್ಟಣವೂ ದನಗಳ ರಾಂಚುಗಳೂ ಎದ್ದ ಮೇಲೆ, ಹಿಮ ಹೆಚ್ಚಾದ ವರ್ಷಗಳಲ್ಲಿ ಸಾವಿರಾರು ಪ್ರಾಣಿಗಳು ಹಸಿದು ಸತ್ತವು. ಸ್ಥಳೀಯ ರೈತರೂ ಆಗಿದ್ದ ಸ್ಟೀಫನ್ ಲೀಕ್ ಆ ಸಾವಿನ ಛಾಯಾಚಿತ್ರಗಳನ್ನು ತೆಗೆದು ದೇಶದ ಮುಂದಿಟ್ಟರು, ಮತ್ತು 1912ರಲ್ಲಿ ಈ ಧಾಮ ಸ್ಥಾಪನೆಯಾಯಿತು. ಇಂದಿಗೂ ನೈಸರ್ಗಿಕ ಮೇವು ಸಾಲದ ಚಳಿಗಾಲಗಳಲ್ಲಿ ಆಲ್ಫಾಲ್ಫಾ ಗುಳಿಗೆಗಳನ್ನು, ಎಂದರೆ ನಮ್ಮ ಹೈನುಗಾರರು ಲೂಸರ್ನ್ ಎನ್ನುವ ಮೇವನ್ನೇ ಒತ್ತಿ ಮಾಡಿದ ಗುಳಿಗೆಗಳನ್ನು, ಬಯಲಿನಲ್ಲಿ ಸುರಿಯುತ್ತಾರೆ.

"ದನದ ಹಾಗೆ ಮೇವು ಹಾಕಿ ಉಳಿಸಿದ ಮೇಲೆ ಇವನ್ನು ಬೇಟೆಯಾಡುವುದೇಕಪ್ಪ?" ಎಂದು ಅತ್ತೆಯವರು ಕೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರದ ಭಾರತದಲ್ಲಿ ಬದುಕಿದವರಿಗೆ ಇದು ಸಹಜವಾದ ಪ್ರಶ್ನೆ. ನಾನು ಅದನ್ನು ಇಂಗ್ಲಿಷಿನಲ್ಲಿ ಮುಂದಿಟ್ಟಾಗ ಬಂಡಿ ನಡೆಸುತ್ತಿದ್ದವರು ನುಣುಚಿಕೊಳ್ಳಲಿಲ್ಲ. ಬಯಲು ತಾಳಬಲ್ಲ ಸಂಖ್ಯೆಗೆ ಮಿತಿಯಿದೆ, ಆಡಳಿತದ ಯೋಜನೆ ಇಲ್ಲಿ 5,000 ಎಲ್ಕ್‌ಗಳ ಗುರಿಯಿಟ್ಟಿದೆ, ಶರತ್ಕಾಲದ ಪರವಾನಗಿ ಬೇಟೆ ಆ ಮಿತಿಯನ್ನು ಕಾಯುವ ಒಂದು ಉಪಾಯ ಎಂದರು. ಒಟ್ಟೊಟ್ಟಿಗೆ ಮೇಯಿಸುವುದರಿಂದ ರೋಗ ಹರಡುವ ಭಯವನ್ನೂ ಅವರೇ ಪ್ರಸ್ತಾಪಿಸಿದರು. ಮಿದುಳನ್ನು ಕೊರೆದು ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 2020ರ ಡಿಸೆಂಬರ್‌ನಲ್ಲಿ ಜಾಕ್ಸನ್ ಹಿಂಡಿನ ಒಂದು ಎಲ್ಕ್‌ನಲ್ಲಿ ಪತ್ತೆಯಾಯಿತು. ಅದಕ್ಕೆ ಔಷಧಿಯಿಲ್ಲ, ರೋಗಕಾರಕವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೇವು ಹಾಕುವ ಪದ್ಧತಿಯನ್ನು ನಿಧಾನವಾಗಿ ಕೈಬಿಡಬೇಕೆಂಬ ವಾದ ನನಗೆ ಸರಿಯೆನಿಸುತ್ತದೆ, ಆದರೆ ಆ ಬಯಲಿನಲ್ಲಿ ನಿಂತು ಹಾಗೆನ್ನುವುದು ಸುಲಭವಲ್ಲ.

ಎಲ್ಕ್ ದೊಡ್ಡ ದೇಹದ ಪ್ರಾಣಿ, ಗೊರಸಿನಿಂದ ಹಿಮ ಕೆದರಿ ಹುಲ್ಲು ಮೇಯಬಲ್ಲದು. ಅದೇ ಹಿಮ ಅದಕ್ಕಿಂತ ಚಿಕ್ಕದಾದ ಮ್ಯೂಲ್ ಜಿಂಕೆಗೂ ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗೂ ಮೃತ್ಯುವಾಗುತ್ತದೆ. 2022–23ರ ಚಳಿಗಾಲದಲ್ಲಿ ಪಶ್ಚಿಮ ವಯೋಮಿಂಗ್‌ನಲ್ಲಿ ಕಂಡದ್ದು ಇದೇ: ಚಳಿಗಾಲದಲ್ಲಿ ಅವು ಮೇಯುವ ಸೇಜ್ ಪೊದೆಗಳು ಹಿಮದಡಿ ಹೂತುಹೋದವು, ವಯೋಮಿಂಗ್ ರೇಂಜ್ ಎಂಬ ಪರ್ವತಸಾಲಿನಲ್ಲಿ ರೇಡಿಯೋ ಕಾಲರ್ ತೊಡಿಸಿದ್ದ ಜಿಂಕೆಮರಿಗಳು ಬಹುತೇಕ ಎಲ್ಲವೂ ಸತ್ತವು, ಬೆಳೆದ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯಲಿಲ್ಲ. ಪಾಪ, ಪ್ರಾಂಗ್‌ಹಾರ್ನ್ ಬೇಲಿ ಹಾರುವ ಪ್ರಾಣಿಯಲ್ಲ, ತಂತಿಯ ಕೆಳಗೆ ನುಸುಳುತ್ತದೆ. ಹಿಮ ರಾಶಿಯಾದಾಗ ಆ ದಾರಿಯೂ ಮುಚ್ಚಿತು, ಜೊತೆಗೆ ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಸೋಂಕೂ ಬಂತು. ಹೊಸ ಮೇವು ಜೀರ್ಣಿಸುವ ಸೂಕ್ಷ್ಮಜೀವಿಗಳು ಹೊಟ್ಟೆಯಲ್ಲಿ ಇರದ ಕಾರಣ, ಮರುಕದಿಂದ ಜನ ಹಾಕಿದ ಹುಲ್ಲನ್ನು ತಿಂದು ಜಿಂಕೆಗಳು ತುಂಬಿದ ಹೊಟ್ಟೆಯಲ್ಲೇ ಸಾಯುವುದೂ ಉಂಟು. ಸತ್ತ ಪ್ರಾಣಿಯ ತೊಡೆಮೂಳೆ ಸೀಳಿ ಮಜ್ಜೆ ನೋಡಿದರೆ, ಅದು ಬಿಳಿಯಾಗಿ ಗಟ್ಟಿಯಾಗಿರದೆ ಕೆಂಪು ಲೋಳೆಯಂತಿದ್ದರೆ, ಹಸಿವೇ ಕಾರಣವೆಂದು ಜೀವಶಾಸ್ತ್ರಜ್ಞರು ತಿಳಿಯುತ್ತಾರೆ.

ಆ ವರ್ಷ ರಾಜ್ಯವು ಬೇಟೆಯ ಪರವಾನಗಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಡಿತಗೊಳಿಸಿತು, ಬಳಲಿದ ಪ್ರಾಣಿಗಳನ್ನು ಜನ ಓಡಿಸದಿರಲೆಂದು ಉದುರಿದ ಕೊಂಬು ಆಯಲು ಶುರುಮಾಡುವ ದಿನವನ್ನು ಮೇ 1ರಿಂದ ಮೇ 15ಕ್ಕೆ ಮುಂದೂಡಿತು. ಇದೆಲ್ಲ ಬಹಿರಂಗವಾಗಿ ಪ್ರಕಟವಾಗಿದ್ದರೂ, ನನ್ನ ಸಹೋದ್ಯೋಗಿಯೊಬ್ಬರಿಗೆ ಒಂದು ಖಾಸಗಿ ಬೇಟೆ ಸಂಸ್ಥೆ ಆ ಶರತ್ಕಾಲದ ಜಿಂಕೆ ಬೇಟೆಯನ್ನು "ಎಂದಿನಂತೆ ಚೆನ್ನಾಗಿದೆ" ಎಂದು ಹೇಳಿ ಮುಂಗಡ ಪಡೆದಿತ್ತು. ಅವರು ಆರು ದಿನ ಅಲೆದರೂ ಒಂದು ವರ್ಷದ ಗಂಡುಜಿಂಕೆ ಒಂದನ್ನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಆ ವಯಸ್ಸಿನವು ಹಿಂದಿನ ಚಳಿಗಾಲದಲ್ಲೇ ಮರಿಗಳಾಗಿ ಸತ್ತಿದ್ದವು. ಆ ಖಾಲಿಜಾಗ ಹಿಂಡಿನೊಂದಿಗೆ ವರ್ಷ ವರ್ಷವೂ ಮುಂದೆ ಸಾಗಿ, ನಾಲ್ಕೈದು ವರ್ಷಗಳ ಬಳಿಕ ಬಲಿತ ಗಂಡುಗಳ ಕೊರತೆಯಾಗಿ ಕಾಣುತ್ತದೆ. ಬೇಟೆಗೆ ಹಣ ಕೊಡುವವರಿಗೆ ಇದನ್ನು ಮೊದಲೇ ಹೇಳುವುದು ಮಾರ್ಗದರ್ಶಕರ ಕನಿಷ್ಠ ಕರ್ತವ್ಯವೆಂದು ನಾನು ನಂಬಿದ್ದೇನೆ, ಹಿಮಬಂಡಿಯಲ್ಲಿ ಕೇಳಿದ ನೇರ ಮಾತುಗಳಿಗೆ ಅಷ್ಟು ಬೆಲೆ ಕೊಡುವುದೂ ಅದಕ್ಕಾಗಿಯೇ.

ಹೋಗುವವರು ಬೈನಾಕ್ಯುಲರ್ ಒಯ್ಯಬೇಕು, ವಯಸ್ಸಾದವರಿಗೆ ಕಂಬಳಿಯ ಜೊತೆಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಇರಲಿ. ಕೊಂಬಿನ ಗಂಡುಗಳನ್ನು ನೋಡಬೇಕೆಂದರೆ ಜನವರಿ ಅಥವಾ ಫೆಬ್ರವರಿ ಒಳ್ಳೆಯದು, ಮಾರ್ಚ್‌ನಲ್ಲಿ ಕೊಂಬು ಉದುರಲು ಶುರುವಾಗುತ್ತದೆ. ನಮ್ಮ ಬಂಡಿಯ ಎಡಕ್ಕೆ ಒಂದು ಗಂಡು ಒಂದೇ ಕೊಂಬಿನ ಭಾರಕ್ಕೆ ತಲೆ ವಾಲಿಸಿಕೊಂಡು ನಿಂತಿತ್ತು. ಅತ್ತೆಯವರು ಮರಳುವ ದಾರಿಯುದ್ದಕ್ಕೂ ತಿರುಗಿ ಅದನ್ನೇ ನೋಡುತ್ತಿದ್ದರು.