ಲೇಟೆಕ್‌ನಲ್ಲಿ ಕನ್ನಡ ಬರೆಯುವವರ ಆಟೋ ಕಂಪ್ಲೀಟ್ ಗೋಳು: ಟೆಕ್‌ಸ್ಟುಡಿಯೊ, ವಿಎಸ್ ಕೋಡ್, ಬ್ರೌಸರ್ ಎಡಿಟರ್

ಲೇಟೆಕ್ ಅಂದರೆ ಕಮಾಂಡ್ ಬರೆದು ಪುಟ ಜೋಡಿಸುವ ತಂತ್ರಾಂಶ. ಅರ್ಧ ಒತ್ತಿದ ಕಮಾಂಡನ್ನು ಎಡಿಟರ್ ತಾನೇ ಪೂರ್ತಿ ಮಾಡಿಕೊಡುವುದು ಆಟೋ ಕಂಪ್ಲೀಟ್. ಅದನ್ನು ಮೂರು ಎಡಿಟರ್‌ಗಳಲ್ಲಿ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೆಕ್‌ಸ್ಟುಡಿಯೊಗೆ. ಬ್ರೌಸರ್‌ನಲ್ಲಿ ಓಡುವ ಒಂದು ಎಡಿಟರಿಗೆ (ಹೆಸರು ಬೇಡ ಬಿಡಿ) ವರ್ಷದ ಚಂದಾ ಕಟ್ಟಿದ್ದೆ. ವರ್ಷ ತುಂಬುವ ಮುಂಚೆಯೇ ಅದನ್ನು ಬಿಟ್ಟೆ. ಬಿಡಿಸಿದ್ದು ಆಟೋ ಕಂಪ್ಲೀಟ್ ಪಟ್ಟಿ ಕರೆಯುವ ಕಂಟ್ರೋಲ್-ಸ್ಪೇಸ್ ಅನ್ನುವ ಒಂದೇ ಒಂದು ಕೀಲಿ ಜೋಡಿ.

ನನ್ನ ಕೆಲಸ ಪಿಯುಸಿ ಮಕ್ಕಳಿಗೆ ಗಣಿತದ ನೋಟ್ಸ್ ಮಾಡುವುದು. ವಿವರಣೆ ಕನ್ನಡದಲ್ಲಿ, ಸಮೀಕರಣ ಲೇಟೆಕ್‌ನಲ್ಲಿ, ಅದನ್ನು ಪಿಡಿಎಫ್ ಮಾಡುವುದು ಝೀಲೇಟೆಕ್ (ಕನ್ನಡ ಲಿಪಿಯನ್ನೂ ಬಲ್ಲ ಲೇಟೆಕ್). ಹಾಗಾಗಿ ಒಂದೊಂದು ಸಾಲಿನಲ್ಲೂ ಕೀಬೋರ್ಡನ್ನು ಕನ್ನಡಕ್ಕೆ, ಮತ್ತೆ ಇಂಗ್ಲಿಷ್‌ಗೆ ಬದಲಿಸುತ್ತಲೇ ಇರಬೇಕು. ಬರೀ ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ಗೋಳು ಗೊತ್ತೇ ಆಗುವುದಿಲ್ಲ.

ಆಗುವುದು ಇಷ್ಟು. ಬ್ಯಾಕ್‌ಸ್ಲ್ಯಾಶ್ ಒತ್ತಿದ ಕೂಡಲೇ ಕಮಾಂಡ್‌ಗಳ ಪಟ್ಟಿ ಬರುತ್ತದೆ. ಭಿನ್ನರಾಶಿಗೆ ಫ್ರ್ಯಾಕ್ ಬೇಕು ಅಂತ ಎಫ್ ಒತ್ತುತ್ತೀರಿ. ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇದ್ದರೆ ಕಗಪ ವಿನ್ಯಾಸದಲ್ಲಿ ಎಫ್ ಅಂದರೆ ಹಲಂತ (ಒತ್ತಕ್ಷರ ಮಾಡುವ ಚಿಹ್ನೆ). ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲಿ ಅಕ್ಷರವೇ ಇಲ್ಲದ ಹಲಂತ ಬಂದು ಕೂರುತ್ತದೆ. ಅದರಿಂದ ಶುರುವಾಗುವ ಕಮಾಂಡ್ ಯಾವುದೂ ಇಲ್ಲ, ಪಟ್ಟಿ ಮಾಯ. ಹಲಂತ ಅಳಿಸಿ, ಇಂಗ್ಲಿಷ್‌ಗೆ ಬಂದು, ಪಟ್ಟಿಯನ್ನು ಮತ್ತೆ ಕರೆಯೋಣ ಅಂತ ಕಂಟ್ರೋಲ್-ಸ್ಪೇಸ್ ಒತ್ತಿದರೆ ಪಟ್ಟಿ ಬರುವುದಿಲ್ಲ, ಕೀಬೋರ್ಡ್ ಮತ್ತೆ ಕನ್ನಡಕ್ಕೆ ಹೋಗುತ್ತದೆ!

ಯಾಕೆಂದರೆ ಲಿನಕ್ಸ್‌ನಲ್ಲಿ ಭಾಷೆ ಬದಲಿಸುವ ಎಫ್‌ಸಿಟಿಕ್ಸ್ 5 ಅನ್ನುವ ತಂತ್ರಾಂಶ ಕೂಡ ಇದೇ ಕೀಲಿ ಜೋಡಿಯನ್ನು ಹಿಡಿದುಕೊಂಡಿರುತ್ತದೆ. ಒತ್ತಿದ್ದು ಮೊದಲು ಅದರ ಕೈಗೆ ಸಿಗುತ್ತದೆ, ಎಡಿಟರ್‌ವರೆಗೆ ಬರುವುದೇ ಇಲ್ಲ. ಮ್ಯಾಕ್‌ನಲ್ಲೂ ಇದೇ ಕಥೆ, ಅಲ್ಲಿ ಕಂಟ್ರೋಲ್-ಸ್ಪೇಸ್ ಅಂದರೆ ಹಿಂದಿನ ಕೀಬೋರ್ಡ್‌ಗೆ ಹೋಗು ಅಂತ. ಲಿನಕ್ಸ್‌ನಲ್ಲೇ ಅದೇ ಕೆಲಸ ಮಾಡುವ ಐಬಸ್ ಇಟ್ಟುಕೊಂಡವರು ಬಚಾವ್. ಅದು ಈಗ ಸೂಪರ್-ಸ್ಪೇಸ್ (ಸೂಪರ್ ಅಂದರೆ ವಿಂಡೋಸ್ ಕೀಲಿ) ಬಳಸುತ್ತದೆ.

ಎಡಿಟರ್ ಕೆಟ್ಟಿದೆ ಅಂತ ತೆಗೆದು ಮತ್ತೆ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಫ್‌ಸಿಟಿಕ್ಸ್ ಅನ್ನು ಪೂರ್ತಿ ನಿಲ್ಲಿಸಿ ಕಂಟ್ರೋಲ್-ಸ್ಪೇಸ್ ಒತ್ತಿ. ಪಟ್ಟಿ ಬಂದರೆ ಎಡಿಟರ್‌ದು ಏನೂ ತಪ್ಪಿಲ್ಲ.

ಸುಲಭದ ದಾರಿ ಅಂದರೆ ಎಫ್‌ಸಿಟಿಕ್ಸ್‌ನ ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ ಭಾಷೆ ಬದಲಿಸುವ ಕೀಲಿಯನ್ನೇ ಬೇರೆ ಮಾಡುವುದು. ನಾನು ಅದನ್ನು ಮುಟ್ಟುವ ಹಾಗಿಲ್ಲ. ಸ್ಟಾಫ್ ರೂಮಿನ ಕಂಪ್ಯೂಟರ್ ಎಲ್ಲರದೂ, ಲಾಗಿನ್ ಕೂಡ ಒಂದೇ. ಉಳಿದವರ ಬೆರಳು ಕಂಟ್ರೋಲ್-ಸ್ಪೇಸ್‌ಗೇ ಒಗ್ಗಿಹೋಗಿದೆ. ಅದನ್ನು ಬದಲಿಸಿದರೆ ಮಾರನೇ ದಿನ ಜಗಳ ಗ್ಯಾರಂಟಿ. ಹಾಗಾಗಿ ಕೀಲಿ ಬದಲಾಗಬೇಕಾದದ್ದು ಎಡಿಟರ್‌ನಲ್ಲಿ.

ಮೂರರ ನಡುವಿನ ವ್ಯತ್ಯಾಸ ಕಂಡದ್ದು ಇಲ್ಲೇ. ಟೆಕ್‌ಸ್ಟುಡಿಯೊದಲ್ಲಿ ಆಪ್ಷನ್ಸ್ ಮೆನುವಿನಿಂದ ಕಾನ್ಫಿಗರ್ ತೆರೆದು ಶಾರ್ಟ್‌ಕಟ್ಸ್‌ಗೆ ಹೋದರೆ ಬೇಕಾದ ಕೀಲಿ ಕೊಡಬಹುದು. ವಿಎಸ್ ಕೋಡ್‌ನಲ್ಲೂ ಕೀಬೋರ್ಡ್ ಶಾರ್ಟ್‌ಕಟ್ಸ್‌ನಲ್ಲಿ 'ಟ್ರಿಗರ್ ಸಜೆಸ್ಟ್' ಅಂತ ಹುಡುಕಿದರೆ ಸಿಗುತ್ತದೆ. ಚಂದಾ ಕಟ್ಟಿದ ಎಡಿಟರ್‌ನಲ್ಲಿ ಆಟೋ ಕಂಪ್ಲೀಟ್ ಬೇಕೋ ಬೇಡವೋ ಅಂತ ಕೇಳುವ ಗುಂಡಿ ಇತ್ತು. ಕೀಲಿ ಬದಲಿಸುವ ಜಾಗ ಎಲ್ಲೂ ಕಾಣಲಿಲ್ಲ. ಸಹಾಯ ಕೇಳಿದ್ದಕ್ಕೆ ಬಂದ ಉತ್ತರ, ಬ್ರೌಸರ್ ಬದಲಿಸಿ ನೋಡಿ ಅಂತ. ಕೀಲಿ ಬ್ರೌಸರ್‌ಗೂ ತಲುಪುತ್ತಿಲ್ಲ ಮಾರಾಯ್ರೆ ಅಂತ ಬರೆದೆ. ಆಮೇಲೆ ಆ ಕಡೆಯಿಂದ ಸದ್ದಿಲ್ಲ.

ಹೊಸ ಕೀಲಿ ಆರಿಸುವಾಗ ಕಂಟ್ರೋಲ್-ಸೆಮಿಕೋಲನ್ ಕೊಡಬೇಡಿ, ಎಫ್‌ಸಿಟಿಕ್ಸ್ 5 ಅದನ್ನೂ ಕ್ಲಿಪ್‌ಬೋರ್ಡಿಗೆ ಅಂತ ಇಟ್ಟುಕೊಂಡಿದೆ. ನಾನು ಆಲ್ಟ್-ಸ್ಲ್ಯಾಶ್ ಇಟ್ಟಿದ್ದೇನೆ, ಯಾರೂ ತಕರಾರು ಮಾಡಿಲ್ಲ.

ಕೀಲಿ ವಿಷಯದಲ್ಲಿ ವಿಎಸ್ ಕೋಡ್ ಸಮಬಲ ಅಂತಾದರೆ ಅದನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ? ಲೇಟೆಕ್ ವರ್ಕ್‌ಶಾಪ್ ಎಕ್ಸ್‌ಟೆನ್ಷನ್ ಹಾಕಿದರೆ ಅದು ನಿಜಕ್ಕೂ ಚುರುಕು. ಅಟ್ ಚಿಹ್ನೆ (@) ಒತ್ತಿ ಎ ಒತ್ತಿದರೆ ಆಲ್ಫಾ ಬರುತ್ತದೆ, ಗಣಿತದವರಿಗೆ ಹಬ್ಬ. ಆದರೆ ಸುಮ್ನೆ ವಾಕ್ಯ ಬರೆಯುವಾಗಲೂ ಫೈಲಿನಲ್ಲಿರುವ ಪದಗಳನ್ನೆಲ್ಲ ತಂದು ಮುಂದೆ ಹಿಡಿಯುತ್ತದೆ. ಸಾಲು ಮುಗಿಸೋಣ ಅಂತ ಎಂಟರ್ ಒತ್ತಿದರೆ ಬೇಡದ ಪದ ಒಳಗೆ ಬಂದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ವರ್ಡ್ ಬೇಸ್ಡ್ ಸಜೆಶನ್ಸ್' ಆಫ್ ಮಾಡಿ, 'ಆಕ್ಸೆಪ್ಟ್ ಸಜೆಶನ್ ಆನ್ ಎಂಟರ್' ಕೂಡ ಆಫ್ ಮಾಡಿದರೆ ಈ ಕಾಟ ತಪ್ಪುತ್ತದೆ. ಸರಿ ಹೋಗದ್ದು ನನ್ನ ಮನೆಯ ಲ್ಯಾಪ್‌ಟಾಪ್. 4 ಜಿಬಿ ರ್‍ಯಾಮ್‌ನಲ್ಲಿ ವಿಎಸ್ ಕೋಡ್ ಜೊತೆಗೆ ಬ್ರೌಸರ್ ತೆರೆದರೆ ಫ್ಯಾನ್ ಕಿರುಚಲು ಶುರು. ಹೊಸ ಲ್ಯಾಪ್‌ಟಾಪ್ ಈ ವರ್ಷದ ಬಜೆಟ್‌ನಲ್ಲಿಲ್ಲ.

ಟೆಕ್‌ಸ್ಟುಡಿಯೊಗೂ ಅದರದ್ದೇ ಚೇಷ್ಟೆಗಳಿವೆ. ಪಟ್ಟಿಯ ಕೆಳಗೆ ಟ್ಯಾಬ್‌ಗಳಿರುತ್ತವೆ: ಟಿಪಿಕಲ್, ಮೋಸ್ಟ್ ಯೂಸ್ಡ್, ಫಜಿ, ಆಲ್. ಟಿಪಿಕಲ್‌ನಲ್ಲಿ ಅಪರೂಪದ ಕಮಾಂಡ್‌ಗಳು ಕಾಣಿಸುವುದಿಲ್ಲ. ಪ್ಯಾಕೇಜ್ (ಹೆಚ್ಚುವರಿ ಕಮಾಂಡ್‌ಗಳ ಕಟ್ಟು) ಹಾಕಿದ್ದೇನೆ, ಕಮಾಂಡ್ ಬರ್ತಿಲ್ಲ ಅನ್ನುವವರು ಮೊದಲು ಆಲ್ ಟ್ಯಾಬ್ ನೋಡಿ.

ನೀವೇ ಬರೆದುಕೊಂಡ ಸ್ಟೈಲ್ ಫೈಲಿನ (ನಿಮ್ಮದೇ ಕಮಾಂಡ್‌ಗಳನ್ನು ಇಟ್ಟಿರುವ ಫೈಲ್) ಕಮಾಂಡ್‌ಗಳು ಸರಿಯಾಗಿ ಬರದಿದ್ದರೆ ಮದ್ದು ಸಿಡಬ್ಲ್ಯೂಎಲ್ ಫೈಲ್, ಅಂದರೆ ಆ ಕಮಾಂಡ್‌ಗಳನ್ನು ಟೆಕ್‌ಸ್ಟುಡಿಯೊಗೆ ಪರಿಚಯಿಸುವ ಪಟ್ಟಿ. ಅದೊಂದು ಸಾದಾ ಪಠ್ಯದ ಫೈಲ್, ಸಾಲಿಗೊಂದು ಕಮಾಂಡ್. ಆವರಣದೊಳಗೆ ಏನು ಬರಬೇಕು ಅಂತ ಒಂದು ಪದ ಬರೆದರೆ ಆಯ್ತು. ಸ್ಟೈಲ್ ಫೈಲಿನ ಹೆಸರನ್ನೇ ಇದಕ್ಕೂ ಕೊಟ್ಟು, ಟೆಕ್‌ಸ್ಟುಡಿಯೊದ ಕಾನ್ಫಿಗ್ ಫೋಲ್ಡರಿನಲ್ಲಿ ಕಂಪ್ಲೀಶನ್, ಅದರೊಳಗೆ ಯೂಸರ್ ಅನ್ನುವ ಜಾಗದಲ್ಲಿ ಇಡಿ. ಅಂಕ ತೋರಿಸುವ ಕಮಾಂಡ್, ಬಹುಆಯ್ಕೆ ಪ್ರಶ್ನೆಯ ಕಮಾಂಡ್, ನನ್ನವೆಲ್ಲ ಈಗ ಎರಡಕ್ಷರಕ್ಕೇ ಎದುರಿಗೆ ಬಂದು ನಿಲ್ಲುತ್ತವೆ. ಹೊಸ ನೋಟ್ಸ್ ಶುರು ಮಾಡುವಾಗ ಇದೊಂದು ಫೈಲಿನಿಂದ ಉಳಿಯುವ ಸಮಯ ಇನ್ಯಾವುದರಿಂದಲೂ ಉಳಿಯುವುದಿಲ್ಲ.

ಅಧ್ಯಾಯಕ್ಕೊಂದು ಫೈಲ್ ಮಾಡುವವರಿಗೆ ಇನ್ನೊಂದು ಮಾತು. ಬೇರೆ ಅಧ್ಯಾಯದ ಲೇಬಲ್‌ಗಳು (ಸಮೀಕರಣ, ವಿಭಾಗಗಳನ್ನು ಉಲ್ಲೇಖಿಸಲು ಕೊಟ್ಟ ಹೆಸರುಗಳು) ಪಟ್ಟಿಯಲ್ಲಿ ಬರದಿದ್ದರೆ ಎಡಿಟರಿಗೆ ಮೂಲ ಫೈಲ್ ಯಾವುದು ಅಂತ ಗೊತ್ತಾಗಿಲ್ಲ ಅಂತ ಅರ್ಥ. ಪ್ರತಿ ಅಧ್ಯಾಯದ ಮೊದಲ ಸಾಲಿನಲ್ಲಿ ಪರ್ಸೆಂಟ್ ಚಿಹ್ನೆ, ಆಶ್ಚರ್ಯಸೂಚಕ, ಆಮೇಲೆ ಟೆಕ್ ರೂಟ್ (TeX root) ಅಂತ ಇಂಗ್ಲಿಷ್‌ನಲ್ಲಿ ಬರೆದು, ಸಮ ಚಿಹ್ನೆ ಹಾಕಿ ಮೂಲ ಫೈಲಿನ ಹೆಸರು ಕೊಡಿ. ಟೆಕ್‌ಸ್ಟುಡಿಯೊ, ಲೇಟೆಕ್ ವರ್ಕ್‌ಶಾಪ್ ಎರಡಕ್ಕೂ ಈ ಸಾಲು ಅರ್ಥವಾಗುತ್ತದೆ.

ನೋಡಲು ವಿಎಸ್ ಕೋಡ್ ಚೆಂದ, ಟೆಕ್‌ಸ್ಟುಡಿಯೊ ಹಳೇ ಕಾಲದ್ದು. ಇಬ್ಬರು ಒಟ್ಟಿಗೆ ಒಂದೇ ಫೈಲ್ ತಿದ್ದಬೇಕಾದರೆ ಬ್ರೌಸರ್ ಎಡಿಟರೇ ಸರಿ. ನನ್ನ ನೋಟ್ಸ್ ತಿದ್ದುವವಳು ನಾನೊಬ್ಬಳೇ. ಬೇರೆ ಪ್ರೋಗ್ರಾಮಿಂಗ್ ಕೆಲಸಕ್ಕೆ ಹೇಗೂ ವಿಎಸ್ ಕೋಡ್ ತೆರೆದಿಟ್ಟವರು, 8 ಜಿಬಿ ಮೇಲೆ ರ್‍ಯಾಮ್ ಇರುವವರು ಅದರಲ್ಲೇ ಇರಿ, ಸುಮ್ನೆ ನನ್ನ ಮಾತು ಕೇಳಿ ಬದಲಿಸಬೇಡಿ. ಹಳೇ ಲ್ಯಾಪ್‌ಟಾಪ್, ಕಗಪ ಕೀಬೋರ್ಡ್, ತಮ್ಮದೇ ಒಂದಷ್ಟು ಕಮಾಂಡ್ ಇರುವ ಮೇಷ್ಟ್ರು ಮೇಡಮ್‌ಗಳು ಟೆಕ್‌ಸ್ಟುಡಿಯೊ ಹಾಕಿಕೊಳ್ಳಿ. ಅದು ಪುಕ್ಕಟೆ, ಉಳಿದ ಚಂದಾ ದುಡ್ಡಿನಲ್ಲಿ ನಾನು ರ್‍ಯಾಮ್ ಹಾಕಿಸಬೇಕು ಅಂತಿದ್ದೇನೆ.