ತೊಗರಿಗೆ ಕಿಸಾನ್ ಕಾಲ್ ಸೆಂಟರ್: ಫೋನ್ ಹಚ್ಚುವ ಮೊದಲು ಕಾಂಡ ಸೀಳಿ ನೋಡಿ

1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ವಾರದ ಏಳೂ ದಿನ, ಕನ್ನಡದಲ್ಲೇ ಮಾತು, ಕಾಸು ಖರ್ಚಿಲ್ಲ. ಬೆಳೆಯ ಪ್ರಶ್ನೆಗಳಿಗೆ ಸಲಹೆ ಕೊಡುವ, 2004ರಲ್ಲಿ ಶುರುವಾದ ಈ ಸರ್ಕಾರಿ ಫೋನ್ ಸೇವೆ ಕಲಬುರಗಿಯ ತೊಗರಿ ರೈತರಿಗೆ ನಿಜಕ್ಕೂ ಉಪಯೋಗದ್ದು. ಆದರೆ ಅತ್ತ ಕಡೆಯವರಿಗೆ ನಿಮ್ಮ ಹೊಲ ಕಾಣುವುದಿಲ್ಲ. ‘ತೊಗರಿ ಒಣಗಲತ್ತದ್ರಿ, ಯಾವ ಎಣ್ಣಿ ಹೊಡೀಬೇಕು?’ ಎಂದಷ್ಟೇ ಕೇಳಿದರೆ ಉತ್ತರವೂ ಅಷ್ಟೇ ಮೊಟಕಾಗಿರುತ್ತದೆ.

ಅರ್ಧ ಬಾಡಿದ ಗಿಡವೊಂದನ್ನು ಕಿತ್ತು, ಬುಡದಿಂದ ಮೇಲಕ್ಕೆ ಕಾಂಡ ಸೀಳಿ. ತೊಗಟೆಯ ಒಳಗೆ ಕಂದು-ಕಪ್ಪು ಗೆರೆ ಉದ್ದಕ್ಕೂ ಓಡಿದ್ದರೆ ನೆಟೆ ರೋಗ. ಗೆರೆಯಿಲ್ಲದೆ, ಬುಡದ ಹತ್ತಿರ ಕಾಂಡದ ಮೇಲೆ ಕಪ್ಪು ಕಲೆ ಕುಳಿಬಿದ್ದು ಗಿಡ ಅಲ್ಲೇ ಮುರಿಯುತ್ತಿದ್ದರೆ, ಅದೂ ಎರಿ ಭೂಮಿಯಲ್ಲಿ ಮಳೆ ನೀರು ನಿಂತ ಜಾಗದಲ್ಲಾದರೆ, ಫೈಟಾಫ್ತೊರಾ ಎಂಬ ಅಂಗಮಾರಿ ರೋಗವೆಂದು ಸಂಶಯಪಡಬೇಕು. ಗಿಡ ಒಣಗದೆ ತಿಳಿ ಹಸಿರಾಗಿ, ಪೊದೆಯಂತೆ ಬೆಳೆದು, ಹೂವೇ ಬಿಡದಿದ್ದರೆ ಗೊಡ್ಡು ರೋಗ. ಇದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಕಂಡದ್ದನ್ನು ಹೀಗೆ ಬಿಡಿಸಿ ಹೇಳಿದರೆ ಸಲಹೆಯ ತೂಕವೇ ಬೇರೆ.

ತಳಿಯ ಹೆಸರು, ಬಿತ್ತಿದ ದಿನ ತಪ್ಪದೆ ಹೇಳಿ. ಮಾರುತಿ ತಳಿ ನೆಟೆ ತಡೆಯುತ್ತದೆ, ಗೊಡ್ಡು ರೋಗಕ್ಕೆ ಬೇಗ ಬಲಿಯಾಗುತ್ತದೆ. ಆಶಾ ಎರಡನ್ನೂ ತಡೆದುಕೊಳ್ಳುತ್ತದೆ. ನೆಟೆ ಹತ್ತಿದ ಗಿಡವನ್ನು ಯಾವ ಸಿಂಪಡಣೆಯೂ ಉಳಿಸದು, ಆಗ ಅಂಗಡಿಗೆ ಸುರಿದ ದುಡ್ಡು ಮಣ್ಣುಪಾಲು. ನೆಟೆ ತರುವ ಶಿಲೀಂಧ್ರ ಮಣ್ಣಲ್ಲಿ, ಹಳೆ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಕೇಳಬೇಕಾದದ್ದು ಮುಂದಿನ ಬಿತ್ತನೆಯ ಬಗ್ಗೆ: ತಡೆಯುವ ತಳಿ, ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೀಜೋಪಚಾರ, ಜೋಳದೊಂದಿಗೆ ಬೆಳೆ ಬದಲಾವಣೆ.

ಹೆಚ್ಚು ಎಡವುವುದು ಪ್ರಮಾಣದಲ್ಲಿ. ಫೋನಲ್ಲಿ ಹೇಳುವುದು ಲೀಟರ್ ಲೆಕ್ಕ, ಹೊಲದಲ್ಲಿ ನಡೆಯುವುದು ಟ್ಯಾಂಕ್ ಲೆಕ್ಕ. ಹೂ ಉದುರುವುದನ್ನು ತಡೆಯಲು ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಎಂಬ ಪೋಷಕಾಂಶದ ಪುಡಿ ಲೀಟರಿಗೆ 10 ಗ್ರಾಂ. ಅಂದರೆ 16 ಲೀಟರಿನ ಟ್ಯಾಂಕಿಗೆ 160 ಗ್ರಾಂ, ಎಕರೆಗೆ 200 ಲೀಟರ್ ನೀರು, 2 ಕೆಜಿ ಪುಡಿ. ಹನ್ನೆರಡೂವರೆ ಟ್ಯಾಂಕ್ ಹೊತ್ತು ತಿರುಗಲು ಬೇಸತ್ತು ಆರರಲ್ಲೇ ಮುಗಿಸಿದರೆ ಗಿಡದ ಒಳಗಿನ ಕೊಂಬೆಗಳಿಗೆ ಔಷಧಿ ತಲುಪುವುದಿಲ್ಲ. ಉತ್ತರ ಕೇಳಿದ ಕೂಡಲೇ ‘ಟ್ಯಾಂಕಿಗೆ ಎಷ್ಟು?’ ಎಂದು ಮರುಪ್ರಶ್ನೆ ಹಾಕಿ, ಬರೆದುಕೊಳ್ಳಿ.

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಬಂದಿದೆಯೇ ಎಂಬುದನ್ನು ಅಲ್ಲಿಗೇ ಹೋಗಿ ಕೇಳುವುದು ಲೇಸು. ಮಳೆಗೆ ಬೆಳೆ ಮುಳುಗಿದರೆ 72 ಗಂಟೆಯೊಳಗೆ ಬೆಳೆ ವಿಮೆಯ ಸಹಾಯವಾಣಿ 14447ಕ್ಕೆ ತಿಳಿಸಬೇಕು.

ಫೋನಲ್ಲಿ ರೋಗ ಬಗೆಹರಿಯದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ಒಯ್ಯಿರಿ. ಪೂರ್ತಿ ಒಣಗಿದ್ದು ಬೇಡ, ಅದರಲ್ಲಿ ಏನೂ ತಿಳಿಯದು. ಈಗಷ್ಟೇ ಬಾಡತೊಡಗಿದ ಎರಡು ಗಿಡ, ಚೆನ್ನಾಗಿರುವ ಒಂದು, ಬೇರು-ಮಣ್ಣು ಸಮೇತ ಒದ್ದೆ ಚೀಲದಲ್ಲಿ ಸುತ್ತಿಕೊಂಡು.