ಕಂದು ಹೊಗೆ ಉಸಿರಾಡಿದವರನ್ನು ಒಂಟಿಯಾಗಿ ಮನೆಗೆ ಕಳುಹಿಸಬೇಡಿ

ನೈಟ್ರಿಕ್ ಆಮ್ಲದಲ್ಲಿ ಸತುವಿನ ತಗಡು ಕೊರೆದು ಅದರಿಂದ ಚಿತ್ರ ಮುದ್ರಿಸುವ ಎಲ್ಲ ಎಚಿಂಗ್ ಕಲಾವಿದರು ಇದನ್ನು ದಯವಿಟ್ಟು ಓದಬೇಕು. ಬಾಡಿಗೆ ಕೊಟ್ಟು ಬೇರೆಯವರ ಸ್ಟುಡಿಯೊಗಳಲ್ಲಿ ಕೆಲಸ ಮಾಡುವ ಕಿರಿಯರಂತೂ ಓದಲೇಬೇಕು. ಟ್ರೇಯಿಂದ ಎದ್ದ ಕಂದು ಹೊಗೆ ಮೂಗಿಗೆ ಹೋದರೆ ಹೊರಗೆ ಬಂದು ಗಾಳಿ ಕುಡಿಯಿರಿ, ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರೆ ಭಯವಿಲ್ಲ ಎಂದು ನಮ್ಮಲ್ಲಿ ಎಷ್ಟೋ ಜನ ಕಲಿತಿದ್ದೇವೆ, ಕಲಿಸಿಯೂ ಇದ್ದೇವೆ. ಅದು ಸುಳ್ಳು. ಅದನ್ನು ನಂಬಿದ ನನ್ನ ಗೆಳತಿಯೊಬ್ಬಳು ತೀವ್ರ ನಿಗಾ ಘಟಕ ಸೇರಬೇಕಾಯಿತು.

ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ನಡೆದ ಸಂಗತಿ ಇದು. ಅಲ್ಲಿ ಆಮ್ಲದ ಕೋಣೆಯ ಎಕ್ಸಾಸ್ಟ್ ಫ್ಯಾನ್ ಕೆಟ್ಟು ಬಹಳ ಕಾಲವಾಗಿತ್ತು. ಹೇಳಿದಾಗಲೆಲ್ಲ ಕಿಟಕಿ ತೆರೆದುಕೊಳ್ಳಿ ಎಂಬ ಉತ್ತರವೇ ಬರುತ್ತಿತ್ತು. ಆ ಸಂಜೆ ಜೋರು ಮಳೆ, ಕಿಟಕಿ ಮುಚ್ಚಿತ್ತು. ದ್ರಾವಣ ಹಳೆಯದಾಗಿ ಕೊರೆತ ನಿಧಾನವಾಗಿದೆ ಎಂದು ಅಲ್ಲಿನ ಸಹಾಯಕ ಬಾಟಲಿಯಿಂದ ಗಟ್ಟಿ ಆಮ್ಲವನ್ನು ಅಳತೆಯಿಲ್ಲದೆ ಟ್ರೇಗೆ ಸುರಿದ. ತಗಡು ಒಳಗೇ ಇತ್ತು. ಗೆಳತಿ ಗರಿಯಿಂದ ಗುಳ್ಳೆ ಸರಿಸುತ್ತ ಅದರ ಮೇಲೆ ಬಾಗಿದ್ದಳು. ದ್ರಾವಣ ಒಮ್ಮೆಲೇ ಕುದಿದೆದ್ದು ಕಂದು ಹೊಗೆ ನೇರ ಅವಳ ಮುಖಕ್ಕೆ ಅಡರಿತು.

ಪಕ್ಕದ ಕೋಣೆಯಲ್ಲಿ ಪ್ರೆಸ್ ಮುಂದೆ ನಿಂತಿದ್ದ ನನಗೆ ಕೇಳಿಸಿದ್ದು ಅವಳ ಕೆಮ್ಮು. ಹೊರಗೆ ಕರೆತಂದೆವು. ಮುಖ ತೊಳೆದಳು, ನೀರು ಕುಡಿದಳು, ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ನಿಂತಿತು. ಸರಿಹೋಯಿತು ಎಂದು ನಕ್ಕಳು. ಅದೇ ತಗಡಿನಿಂದ ಒಂದು ಪ್ರೂಫ್ (ಪರೀಕ್ಷಾ ಮುದ್ರಣ) ಕೂಡ ತೆಗೆದಳು. ಮನೆಗೆ ಹೋಗಿ ಮಲಗಿದರೆ ಆಯಿತು ಎಂದು ಸ್ಟುಡಿಯೊ ನಡೆಸುವವರು ಹೇಳಿದರು. ಅವಳು ಪಿ.ಜಿ.ಯಲ್ಲಿ ಒಬ್ಬಳೇ ಇರುವವಳು. ನಡುರಾತ್ರಿ ಎದೆ ಬಿಗಿದು ಎಚ್ಚರವಾಯಿತು. ಮಲಗಿದರೆ ಉಸಿರೇ ಬರುತ್ತಿರಲಿಲ್ಲ, ಕೂತರೆ ಏದುಸಿರು. ಫೋನಿನಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ಅವಳಿಗೆ ಆಗಲಿಲ್ಲ. ಆಸ್ಪತ್ರೆಯಲ್ಲಿ ಮೊದಲು ಅಸ್ತಮಾ ಎಂದೇ ಭಾವಿಸಿದರು. ನೈಟ್ರಿಕ್ ಆಮ್ಲದ ಹೊಗೆ ಎಂದು ನಾವು ಹೇಳಿದ ಮೇಲೆ ಕೂಡಲೇ ಎಕ್ಸ್‌ರೇ ತೆಗೆಸಿದರು. ಎರಡೂ ಶ್ವಾಸಕೋಶಗಳಲ್ಲಿ ನೀರು ತುಂಬಿತ್ತು. ಬದುಕಿದಳು, ಈಗ ತವರಿನಲ್ಲಿದ್ದಾಳೆ, ಮೆಟ್ಟಿಲು ಹತ್ತಿದರೆ ಇನ್ನೂ ದಮ್ಮು ಕಟ್ಟುತ್ತದೆ.

ಹೀಗೇಕೆ ಆಗುತ್ತದೆ ಎಂಬುದನ್ನು ನಮಗೆ ತಿಳಿಸಿಕೊಟ್ಟವರು ಅಲ್ಲಿನ ವೈದ್ಯರು. ಆ ಕಂದು ಹೊಗೆಯಲ್ಲಿ ಇರುವುದು ನೈಟ್ರೋಜನ್ ಡೈಆಕ್ಸೈಡ್. ಅಮೋನಿಯಾದಂಥ ಅನಿಲ ಮೂಗು, ಗಂಟಲಿನ ತೇವದಲ್ಲೇ ಕರಗಿ ಉರಿ ಎಬ್ಬಿಸುತ್ತದೆ. ಆ ಉರಿಯೇ ನಮ್ಮನ್ನು ಓಡಿಸಿ ಕಾಪಾಡುತ್ತದೆ. ನೈಟ್ರೋಜನ್ ಡೈಆಕ್ಸೈಡ್ ನೀರಿನಲ್ಲಿ ಅಷ್ಟು ಬೇಗ ಕರಗುವುದಿಲ್ಲ. ಮೂಗನ್ನು ಹೆಚ್ಚು ಕೆಣಕದೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿದು, ಅಲ್ಲಿ ಆಮ್ಲವಾಗಿ ಸುಡುತ್ತದೆ. ಆ ಸುಟ್ಟ ಗಾಯ ಊದಿ ನೀರು ಜಿನುಗಲು ಗಂಟೆಗಳು ಬೇಕು. ಸಾಮಾನ್ಯವಾಗಿ 4ರಿಂದ 24 ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ. ನಡುವಿನ ಆ ಹೊತ್ತಿನಲ್ಲಿ ಮನುಷ್ಯ ಪೂರ್ತಿ ಆರೋಗ್ಯವಾಗಿಯೇ ಕಾಣಬಹುದು. ಮೊದಲ ಗಂಡಾಂತರದಿಂದ ಪಾರಾದವರಿಗೂ ಕೆಲವು ವಾರಗಳ ಬಳಿಕ ಉಸಿರ್ನಾಳದ ಸಣ್ಣ ಕವಲುಗಳು ಕಟ್ಟಿಕೊಂಡು ಮತ್ತೆ ಉಬ್ಬಸ ಬರುವುದುಂಟು. ರಸಮೇವು (ಹುದುಗಿಸಿದ ಹಸಿ ಮೇವು) ತುಂಬಿದ ಗೋಪುರದೊಳಗೆ ಇಳಿದ ರೈತರ ಜೀವ ತೆಗೆಯುವುದೂ ಇದೇ ಅನಿಲವಂತೆ.

ಆದ್ದರಿಂದ ಹೊಗೆ ಒಳಗೆ ಹೋದವರನ್ನು ಸುಧಾರಿಸಿಕೊಂಡಂತೆ ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಮ್ಲದ ಹೆಸರನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಆಸಿಡ್ ಹೊಗೆ ಎಂದಷ್ಟೇ ಹೇಳಿದರೆ ಸಾಲದು. ಕನಿಷ್ಠ ಒಂದು ದಿನ ನಿಗಾದಲ್ಲಿ ಇಡಲು ಕೇಳಿಕೊಳ್ಳಿ. ಪ್ರೆಸ್ ತಿರುಗಿಸುವಂಥ ದೈಹಿಕ ಶ್ರಮ ಬೇಡವೇ ಬೇಡ. ರಾತ್ರಿ ಯಾರಾದರೂ ಜೊತೆಗಿರಲಿ.

ಮಾಸ್ಕ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಬಟ್ಟೆಯ ಮಾಸ್ಕ್ ಆಗಲಿ ಎನ್-95 ಆಗಲಿ ಧೂಳಿಗೆ, ಅನಿಲಕ್ಕಲ್ಲ. ಪೇಂಟ್ ವಾಸನೆಗೆಂದು ಮಾರುವ ಕಾರ್ಟ್ರಿಜ್ ಮಾಸ್ಕ್ ಕೂಡ ಈ ಅನಿಲವನ್ನು ತಡೆಯುವುದಿಲ್ಲ. ಇನ್ನು ದ್ರಾವಣದ ವಿಷಯ. ಸತು ಮತ್ತು ನೈಟ್ರಿಕ್ ಆಮ್ಲ ಸೇರಿದಾಗ ಶಾಖ ಹುಟ್ಟುತ್ತದೆ, ಶಾಖ ಏರಿದಷ್ಟೂ ಕೊರೆತ ಜೋರಾಗುತ್ತದೆ, ಆಮ್ಲ ಗಟ್ಟಿಯಾದಷ್ಟೂ ಕಂದು ಹೊಗೆ ಹೆಚ್ಚುತ್ತದೆ. ಟ್ರೇಯಲ್ಲಿ ತಗಡು ಇರುವಾಗ ಯಾರೂ, ಎಷ್ಟೇ ಅನುಭವಸ್ಥರಾಗಿರಲಿ, ಅದಕ್ಕೆ ಆಮ್ಲ ಸೇರಿಸಕೂಡದು. ತಗಡು ಹೊರತೆಗೆದು, ಬೇರೆ ಪಾತ್ರೆಯಲ್ಲಿ ನೀರಿಗೆ ಆಮ್ಲವನ್ನು ಅಳೆದು ಹಾಕಿ, ತಣಿಸಿದ ಮೇಲೆಯೇ ಬಳಸಬೇಕು. ಚೆಲ್ಲಿದ ಆಮ್ಲದ ಮೇಲೆ ಮರದ ಹೊಟ್ಟು ಹರಡುವ ರೂಢಿ ಕೆಲವೆಡೆ ಇದೆ, ಅದನ್ನು ಇಂದೇ ನಿಲ್ಲಿಸಿ. ಹೊಟ್ಟು, ಚಿಂದಿ, ಕಾಗದಗಳಿಗೆ ಗಟ್ಟಿ ನೈಟ್ರಿಕ್ ತಾಗಿದರೆ ಅದೇ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಅಕ್ವಾಟಿಂಟ್‌ನ (ಛಾಯೆ ಮೂಡಿಸಲು ತಗಡಿಗೆ ರಾಳದ ಪುಡಿ ಹಚ್ಚುವ ವಿಧಾನದ) ರಾಳ ಒರೆಸಲು ಇಡುವ ಸ್ಪಿರಿಟ್ ಆಮ್ಲದ ಕೋಣೆಗೆ ಬರಲೇಕೂಡದು.

ನಾನು ಈಗ ಸತುವಿಗೆ ನೈಟ್ರಿಕ್ ಬದಲು ಮೈಲುತುತ್ತ (ಕಾಪರ್ ಸಲ್ಫೇಟ್) ಬಳಸುತ್ತಿದ್ದೇನೆ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದು ಚಿರಪರಿಚಿತ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಇರುವುದು ಇದೇ. ನಮ್ಮ ಕೆಲಸಕ್ಕೆ ಸುಣ್ಣದ ಬದಲು ಮೈಲುತುತ್ತದಷ್ಟೇ ತೂಕದ ಅಡುಗೆ ಉಪ್ಪು ಬೆರೆಸಿ ನೀರಿನಲ್ಲಿ ಕರಗಿಸಬೇಕು. ಕಂದು ಹೊಗೆ ಏಳುವ ಮಾತೇ ಇಲ್ಲ. ಕೊರೆದ ಜಾಗದಲ್ಲಿ ತಾಮ್ರದ ಕೆಂಪು ಕೆಸರು ಕೂರುತ್ತದೆ, ಅದನ್ನು ಮೃದುವಾದ ಬ್ರಷ್‌ನಿಂದ ಆಗಾಗ ಸರಿಸುತ್ತಿರಬೇಕು. ಅಗಲವಾಗಿ ತೆರೆದಿಟ್ಟ ಭಾಗಗಳಲ್ಲಿ ಒರಟು ಹರಳಿನ ಮೈ ಬರುತ್ತದೆ. ನನಗೆ ಅದು ನೈಟ್ರಿಕ್ ಕೊಡುವ ಮೈಗಿಂತ ಹೆಚ್ಚು ಇಷ್ಟವಾಗಿದೆ, ಕಪ್ಪು ಶಾಯಿ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿಗೆ ಬಳಸುವವರು ಬಹಳ ತೆಳುವಾದ ದ್ರಾವಣದಿಂದ ಆರಂಭಿಸಿ, ಏಕೆಂದರೆ ಅದು ಬೇಗ ಕಾಯುತ್ತದೆ, ಹೈಡ್ರೋಜನ್ ಕೂಡ ಬಿಡುತ್ತದೆ. ಗಾಳಿಯಾಡುವಂತಿರಲಿ, ಬೆಂಕಿ ಹತ್ತಿರವಿರದಿರಲಿ. ಕೈಗವಸು, ಕನ್ನಡಕ ತಪ್ಪಿಸಬೇಡಿ. ಮೈಲುತುತ್ತ ಮೀನುಗಳಿಗೆ ವಿಷವಾದ್ದರಿಂದ ಉಳಿದದ್ದನ್ನು ಚರಂಡಿಗಾಗಲಿ ಕೆರೆಗಾಗಲಿ ಬಿಡಬಾರದು. ತಾಮ್ರದ ತಗಡಿಗಾದರೆ ಫೆರಿಕ್ ಕ್ಲೋರೈಡ್ ಸಾಕು. ಸರ್ಕ್ಯೂಟ್ ಬೋರ್ಡ್ ಮಾಡುವವರು ಬಳಸುವ ವಸ್ತುವಾದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ.

ನೈಟ್ರಿಕ್ ಬಿಡಲಾಗದವರು, ಬೇರೆಯವರ ಸ್ಟುಡಿಯೊದಲ್ಲಿ ಕೆಲಸ ಮಾಡಲೇಬೇಕಾದವರು, ಫ್ಯಾನ್ ತಿರುಗುತ್ತಿದೆಯೇ ಎಂದಷ್ಟೇ ನೋಡಿ ಬರಬೇಡಿ. ಅದು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ತಲೆಯ ಮೇಲಿನ ಫ್ಯಾನ್ ಹೊಗೆಯನ್ನು ನಿಮ್ಮ ಮೂಗಿನ ಮುಂದಿನಿಂದಲೇ ಎಳೆದುಕೊಂಡು ಹೋಗುತ್ತದೆ. ಹೊಗೆ ಹೀರುವ ಬಾಯಿ ಟ್ರೇಯ ಹಿಂಬದಿಯಲ್ಲಿ, ಟ್ರೇಯ ಮಟ್ಟದಲ್ಲೇ ಇರಬೇಕು. ಮುಂಗಡ ಕೊಡುವ ಮುನ್ನ, ಟ್ರೇ ಖಾಲಿ ಇರುವಾಗ ಒಂದು ಊದುಬತ್ತಿ ಹಚ್ಚಿ ಅದರೊಳಗೆ ಹಿಡಿದು, ನೀವು ಕೆಲಸಕ್ಕೆ ನಿಲ್ಲುವ ಜಾಗದಲ್ಲಿ ಬಾಗಿ ನಿಂತು ನೋಡಿ. ಹೊಗೆ ಹಿಂದಕ್ಕೆ ಸರಿಯದೆ ನಿಮ್ಮ ಮುಖದತ್ತ ಬಂದರೆ ಆ ಸ್ಟುಡಿಯೊ ಬೇಡ.